ಬುತ್ತಿ ಕಟ್ಟುವ ಮೊದಲೇ ಹೊರಟ ಕೂಸು

ಅರ್ಧ ಲೀಟರಿನ ಮೂರು ಹಾಲಿನ ಪ್ಯಾಕೆಟ್‌ಗಳನ್ನು ಒಟ್ಟಿಗೆ ಎತ್ತಿ ನೋಡಿ. ಹತ್ತಿರ ಹತ್ತಿರ ಒಂದೂವರೆ ಕಿಲೋ. ದಿನ ತುಂಬುವ ಮೊದಲೇ ಹುಟ್ಟಿದ ಕೆಲವು ಕೂಸುಗಳು ಅಷ್ಟೇ ತೂಗುತ್ತವೆ. ಅವುಗಳ ಚರ್ಮ ಎಷ್ಟು ತೆಳುವೆಂದರೆ ಒಳಗಿನ ನೀಲಿ ರಕ್ತನಾಳ ಕಾಣುತ್ತದೆ.

ಹೊಟ್ಟೆಯೊಳಗಿದ್ದ ಕೂಸು ಹೊರಗಿನ ರೋಗಾಣುಗಳನ್ನು ಕಂಡಿರುವುದಿಲ್ಲ. ಹಾಗಾಗಿ ಅಮ್ಮನ ದೇಹ ಅದಕ್ಕೊಂದು ಬುತ್ತಿ ಕಟ್ಟಿ ಕಳಿಸುತ್ತದೆ. ಬುತ್ತಿಯಲ್ಲಿರುವುದು ರೊಟ್ಟಿ ಚಟ್ನಿಪುಡಿ ಅಲ್ಲ, ಪ್ರತಿಕಾಯಗಳು. ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಸಣ್ಣ ಪ್ರೋಟೀನುಗಳಿವು. ಅಮ್ಮನಿಗೆ ಹಿಂದೆ ಯಾವ ಕಾಯಿಲೆ ಬಂದಿತ್ತೋ, ಯಾವ ಲಸಿಕೆ ಹಾಕಿದ್ದರೋ, ಅದರ ನೆನಪೆಲ್ಲ ಈ ಬುತ್ತಿಯಲ್ಲಿರುತ್ತದೆ. ಅವುಗಳಲ್ಲಿ ಐಜಿಜಿ ಎಂಬ ಬಗೆಯನ್ನು ಮಾತ್ರ, ಹೊಟ್ಟೆಯೊಳಗೆ ಅಮ್ಮನನ್ನೂ ಕೂಸನ್ನೂ ಬೆಸೆಯುವ ಮಾಸು ಕೈಹಿಡಿದು ದಾಟಿಸಿ ಮಗುವಿನ ರಕ್ತಕ್ಕೆ ಬಿಡುತ್ತದೆ.

ಆದರೆ ಈ ಬುತ್ತಿಯ ಹೆಚ್ಚಿನ ಪಾಲು ಕಟ್ಟುವುದು ಬಸುರಿನ ಕೊನೆಯ ವಾರಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಐಜಿಜಿ ಅಮ್ಮನಿಗಿಂತಲೂ ತುಸು ಹೆಚ್ಚೇ ಇರುವುದುಂಟು. ಮೂವತ್ತನೇ ವಾರದ ಸುಮಾರಿಗೆ ಹುಟ್ಟಿದರೆ? ಅಮ್ಮನಲ್ಲಿರುವುದರ ಅರ್ಧದಷ್ಟು. ಡಬ್ಬಿ ಅರ್ಧ ತುಂಬುವಷ್ಟರಲ್ಲೇ ಬಸ್ಸು ಹತ್ತಿದ ಹಾಗಾಯಿತು. ಇಂಥ ಕೂಸನ್ನು ಮುಟ್ಟುವ ಮೊದಲು ನರ್ಸಮ್ಮ ಪ್ರತಿ ಸಲವೂ ಕೈ ತೊಳೆಯುವುದು ಇದಕ್ಕೇ. ಅಮ್ಮನ ಮೊದಲ ಹಳದಿ ಹಾಲನ್ನು ಹನಿ ಹನಿಯಾಗಿಯಾದರೂ ಕುಡಿಸುವುದೂ ಇದಕ್ಕೇ, ಅದರಲ್ಲೂ ಪ್ರತಿಕಾಯಗಳಿವೆ.

ಕೆಲವು ವೈರಸ್‌ಗಳು ಮಾತ್ರ ಕೂಸು ಹೊರಗೆ ಬರುವತನಕ ಕಾಯುವುದಿಲ್ಲ. ಮಾಸನ್ನೇ ದಾಟಿ ಒಳಗೆ ಹೋಗುತ್ತವೆ.

ಅಂಥದೊಂದು ವೈರಸ್ಸಿನ ಕಾಟ ಮೊದಲು ಹೊಳೆದದ್ದು ಒಬ್ಬ ಕಣ್ಣಿನ ಡಾಕ್ಟರಿಗೆ. ಆಸ್ಟ್ರೇಲಿಯಾದ ಸಿಡ್ನಿ, 1941. ನಾರ್ಮನ್ ಗ್ರೆಗ್ ಅವರ ಬಳಿಗೆ ಒಂದರ ಹಿಂದೆ ಒಂದು ಎಳೆಗೂಸು ಬರತೊಡಗಿತು. ಕಣ್ಣಿನ ಪೊರೆ ಅಜ್ಜ ಅಜ್ಜಿಯರ ಕಾಯಿಲೆಯಲ್ಲವೇ? ಇಲ್ಲಿ ಹಾಲು ಕುಡಿಯುವ ಕೂಸಿನ ಪಾಪೆಯೇ ಬೆಳ್ಳಗೆ! ಮಕ್ಕಳಲ್ಲಿ ಬಹುಪಾಲು ಬಡಕಲು, ಹಲವರಿಗೆ ಹೃದಯದ ತೊಂದರೆ. ಅಮ್ಮಂದಿರನ್ನು ವಿಚಾರಿಸಿದರೆ, ಬಸುರಿನ ಆರಂಭದಲ್ಲಿ ‘ಜರ್ಮನ್ ದಡಾರ’ ಬಂದಿತ್ತೆಂಬ ಉತ್ತರ. ಅದೇ ರುಬೆಲ್ಲಾ. ದೊಡ್ಡವರಿಗೆ ನಾಲ್ಕು ದಿನ ದದ್ದು, ಸಣ್ಣ ಜ್ವರ, ಅಷ್ಟೆ. ಗ್ರೆಗ್ ಒಟ್ಟು 78 ಮಕ್ಕಳ ವಿವರ ಕಲೆಹಾಕಿದರು. 68 ಮಕ್ಕಳ ಅಮ್ಮಂದಿರಿಗೆ ಆ ಕಾಯಿಲೆ ಬಂದಿತ್ತು. ಎಷ್ಟೋ ವೈದ್ಯರು ಕೂಡಲೇ ನಂಬಲಿಲ್ಲ. ನನಗಂತೂ ಅವರ ಜಾಣತನಕ್ಕಿಂತ, ಅಮ್ಮಂದಿರ ಮಾತನ್ನು ಕಿವಿಗೊಟ್ಟು ಕೇಳಿದ್ದೇ ದೊಡ್ಡದೆನಿಸುತ್ತದೆ.

ಈಗ ಒಂದು ಪತ್ತೇದಾರಿ ಪ್ರಶ್ನೆ. ಕೂಸಿನ ರಕ್ತದಲ್ಲಿ ರುಬೆಲ್ಲಾ ಪ್ರತಿಕಾಯ ಸಿಕ್ಕಿತು ಅನ್ನಿ. ಅದು ಅಮ್ಮ ಕೊಟ್ಟ ಬುತ್ತಿಯೋ, ಕೂಸೇ ಬೇಯಿಸಿಕೊಂಡದ್ದೋ? ಸುಳಿವು ಇದೆ. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಮಾಸನ್ನು ದಾಟಲಾರದು. ಆಗಷ್ಟೇ ಹುಟ್ಟಿದ ಕೂಸಿನಲ್ಲಿ ರುಬೆಲ್ಲಾ ವಿರುದ್ಧದ ಐಜಿಎಂ ಇದ್ದರೆ, ಅದನ್ನು ಕೂಸೇ ತಯಾರಿಸಿದೆ. ಅಂದರೆ ಹೊಟ್ಟೆಯೊಳಗೇ ವೈರಸ್ಸಿನ ಜೊತೆ ಸೆಣಸಾಡಿದೆ. ಇನ್ನೂ ಕಣ್ಣು ಬಿಡದ ಪುಟಾಣಿಯ ಸಾಹಸ ನೋಡಿ! ಆದರೂ ಆ ಸೈನ್ಯ ಎಳೆಯದು. ವೈರಸ್ ತಿಂಗಳುಗಟ್ಟಲೆ ಮೈಯಲ್ಲಿ ಉಳಿದುಬಿಡಬಹುದು.

ಅದಕ್ಕಿಂತ, ವೈರಸ್ ಅಮ್ಮನವರೆಗೆ ಬಾರದಂತೆ ತಡೆಯುವುದೇ ಸುಲಭ. ನಮ್ಮ ದೇಶದ ದಡಾರ-ರುಬೆಲ್ಲಾ (ಎಂ.ಆರ್.) ಲಸಿಕೆ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹುಡುಗರಿಗೂ ಚುಚ್ಚಿದ್ದೇಕೆ ಅನ್ನುತ್ತೀರಾ? ಬಸುರಿ ಅಕ್ಕ, ಚಿಕ್ಕಮ್ಮ ಇರುವ ಮನೆಗೆ ಸೋಂಕು ತರುವವರು ತಮ್ಮಂದಿರೂ ಆಗಬಹುದಲ್ಲ!

ಈ ಲಸಿಕೆಯ ಮೊದಲ ಚುಚ್ಚುಮದ್ದಿಗೆ ಒಂಬತ್ತು ತಿಂಗಳು ಕಾಯುವುದಕ್ಕೂ ಕಾರಣ ಆ ಬುತ್ತಿಯೇ. ಅಮ್ಮನ ಪ್ರತಿಕಾಯ ಇನ್ನೂ ಉಳಿದಿದ್ದರೆ ಅದು ಲಸಿಕೆಯನ್ನೂ ಶತ್ರುವೆಂದು ಹಿಡಿದುಹಾಕುತ್ತದೆ. ಎರಡನೆಯದು ಒಂದೂವರೆ ವರ್ಷದ ಆಸುಪಾಸಿಗೆ. ಮನೆಯ ಬೀರುವಿನಲ್ಲಿ ನಿಮ್ಮ ಪುಟ್ಟ ತಮ್ಮನದೋ ತಂಗಿಯದೋ ತಾಯಿ ಕಾರ್ಡ್ ಇದ್ದೀತು. ತೆಗೆಸಿ ನೋಡಿ, ‘ಎಂ.ಆರ್.’ ಎದುರು ಎರಡು ತಾರೀಖು ಇವೆಯೇ? ಆ ವಯಸ್ಸು ದಾಟಿಯೂ ಒಂದೇ ಇದ್ದರೆ, ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆ ಕಡೆ ಬಂದಾಗ ಹೇಳಿ.