ಮೀನಿನ ನಕ್ಷೆಗೂ ಒಂದು ಪರೀಕ್ಷೆ



ಕಡಲಿನಲ್ಲಿ ಮೀನು ಎಲ್ಲಿ ಸಿಗಬಹುದೆಂದು ತೋರಿಸುವ ನಕ್ಷೆಯೊಂದು ಅಂತರ್ಜಾಲದಲ್ಲಿದೆ. ಅದನ್ನು ಸಿದ್ಧಪಡಿಸುವುದು ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ. ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಅದು ನೀರಿನ ಮೇಲ್ಮೈಯ ಉಷ್ಣತೆಯನ್ನೂ ಹಸಿರನ್ನೂ ಅಳೆಯುತ್ತದೆ. ಹಸಿರಿದ್ದಲ್ಲಿ ಸೂಕ್ಷ್ಮ ಸಸ್ಯಗಳಿರುತ್ತವೆ; ಅವನ್ನು ಹುಡುಕಿ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು ಬರುತ್ತದೆ ಎಂಬುದು ಲೆಕ್ಕ. ಮೋಡ ಮುಸುಕಿದರೆ ಆ ಲೆಕ್ಕವೂ ಕಷ್ಟ.

ಇಂಥ ತಂತ್ರಾಂಶವನ್ನು ಮೊದಲು ಪ್ರಾಯೋಗಿಕವಾಗಿ ಬಿಡಬೇಕು. ಅದು ನಿಮ್ಮ ಕಿರುಪರೀಕ್ಷೆಯಂತೆ. ಆದರೆ ಅಂಕ ಕೊಡಬೇಕಾದವರು ಎಂಜಿನಿಯರುಗಳಲ್ಲ, ಮಲ್ಪೆ, ಕಾರವಾರದ ಮೀನುಗಾರರು. ನಕ್ಷೆ ತಪ್ಪಿದರೆ ನಮಗೆ ನಾಲ್ಕು ಸಾಲು ತಿದ್ದುವ ಕೆಲಸ. ಅವರಿಗೆ ಡೀಸೆಲ್ ದುಡ್ಡೂ ಹೋಯಿತು, ದಿನದ ದುಡಿಮೆಯೂ ಹೋಯಿತು. ಬರಿಬಲೆಯಲ್ಲಿ ಮರಳಿದವರ ಮಾತನ್ನೇ ನಾವು ಮೊದಲು ಬರೆದುಕೊಳ್ಳಬೇಕು.

ನಾಳೆ ನಿಮ್ಮಲ್ಲೊಬ್ಬರು ಕುಣಿಗಲ್ ಕೆರೆಗೋ ಗುಬ್ಬಿ ಕೆರೆಗೋ ಇಂಥ ನಕ್ಷೆ ಮಾಡಬಹುದು. ನೀರೆಷ್ಟಿದೆ, ಹೂಳೆಲ್ಲಿದೆ ಎಂಬುದು ಅಲ್ಲಿ ಬಲೆ ಬೀಸುವವರಿಗೆ ಗೊತ್ತು. ಮೊದಲು ಏರಿಯ ಮೇಲೆ ನಿಂತು ಅವರನ್ನು ಕೇಳಿ. ಆಮೇಲೆ ಕಂಪ್ಯೂಟರ್ ಮುಂದೆ ಕೂರಿ.