ಚಂದಾ ವಸೂಲಿಯನ್ನು ಯಾರ ಕೈಗೆ ಕೊಡೋಣ?

ರೇಡಿಯೋ ಇಟ್ಟುಕೊಂಡ ಮನೆಯವರು ಅಂಚೆ ಕಛೇರಿಗೆ ಹೋಗಿ ವರ್ಷದ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬೇಕು. 1980ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಆದರೆ ಅದರಲ್ಲೊಂದು ಸ್ವಾರಸ್ಯವಿತ್ತು. ಹಾಡು, ನಾಟಕ, ವಾರ್ತೆಗಳನ್ನು ಕೊಡುತ್ತಿದ್ದುದು ಆಕಾಶವಾಣಿ. ಹಣ ಎಣಿಸಿಕೊಳ್ಳುತ್ತಿದ್ದುದು ಅಂಚೆಯವರು. ಸೇವೆ ಒಬ್ಬರದು, ವಸೂಲಿ ಇನ್ನೊಬ್ಬರದು. ಇಬ್ಬರೂ ಸರ್ಕಾರದವರೇ ಆದುದರಿಂದ ವಸೂಲಿಯ ಪುಸ್ತಕ ಯಾರ ಸ್ವತ್ತು ಎಂಬ ಪ್ರಶ್ನೆ ಏಳಲಿಲ್ಲ. ನಾನು ಇಂದು ತಮ್ಮೊಡನೆ ಮಾತನಾಡಬೇಕೆಂದಿರುವುದು ಆ ಪ್ರಶ್ನೆಯನ್ನು ಕುರಿತೇ.

ಈಗ ಚಂದಾದಿಂದ ಬದುಕುವ ಉದ್ಯೋಗಗಳು ಬಹಳ. ಮಾಸಪತ್ರಿಕೆಯವರು ಹಿಂದಿನಿಂದಲೂ ಇದ್ದಾರೆ. ಅವರ ಜೊತೆಗೆ ಅಂತರಜಾಲದಲ್ಲಿ ಸಂಗೀತ ಪಾಠ ಹೇಳುವವರು, ತಿಂಗಳ ಲೆಕ್ಕದಲ್ಲಿ ಊಟದ ಡಬ್ಬಿ ಕಳುಹಿಸುವವರು, ಅಂಗಡಿಗಳ ಲೆಕ್ಕ ಬರೆಯುವ ತಂತ್ರಾಂಶವನ್ನು ತಿಂಗಳ ಬಾಡಿಗೆಗೆ ಕೊಡುವವರು ಸೇರಿದ್ದಾರೆ. ನೂರು ಜನ ಚಂದಾದಾರರಿದ್ದಾಗ ಒಂದು ನೋಟ್‌ಬುಕ್ಕು, ಒಂದು ದೂರವಾಣಿ ಸಾಕು. ಸಾವಿರ ದಾಟಿದರೆ ಯಾರು ಕೊಟ್ಟರು, ಯಾರು ಬಿಟ್ಟರು ಎಂಬುದನ್ನು ನೋಡುವುದರಲ್ಲೇ ತಿಂಗಳು ಮುಗಿದುಹೋಗುತ್ತದೆ. ಆಗ ಬಿಲ್ಲಿಂಗ್ ಸಂಸ್ಥೆಯೊಂದರ ಬಾಗಿಲು ತಟ್ಟಬೇಕಾಗುತ್ತದೆ.

ಇಲ್ಲಿ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಕಾಣಬೇಕು. ಚಂದಾದಾರನ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ಹಣ ದಾಟಿಸುವುದು ಒಂದು ಕೆಲಸ. ಅದನ್ನು ಮಾಡುವವರಿಗೆ ಪೇಮೆಂಟ್ ಗೇಟ್‌ವೇ ಎನ್ನುತ್ತಾರೆ. ಯಾರಿಗೆ ಯಾವ ತಾರೀಖಿಗೆ ಎಷ್ಟು ಬಿಲ್ಲು, ನಡು ತಿಂಗಳಲ್ಲಿ ಸೇರಿದವನಿಗೆ ಎಷ್ಟು ಕಡಿತ, ರಸೀತಿ ಹೋಯಿತೆ, ಬಾಕಿಗೆ ಜ್ಞಾಪನ ಕಳುಹಿಸಿತೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯವನು ಹಣ ತರುವ ಜವಾನ. ಎರಡನೆಯವನು ಖಾತೆ ಬರೆಯುವ ಗುಮಾಸ್ತ. 2011ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಚಾರ್ಜ್‌ಬೀ ಮುಖ್ಯವಾಗಿ ಗುಮಾಸ್ತನ ಕೆಲಸದ್ದು. ಬೆಂಗಳೂರಿನ ರೇಜರ್‌ಪೇ, ಅಮೆರಿಕದ ಸ್ಟ್ರೈಪ್ ಮೊದಲಾದವು ಹಣ ದಾಟಿಸುವ ಕೆಲಸದಿಂದ ಹೊರಟು ಖಾತೆಯ ಕೆಲಸಕ್ಕೂ ಕೈಹಾಕಿದವು. ಹೆಸರು ಹೇಳಿದ್ದು ಗುರುತಿಗಾಗಿ ಮಾತ್ರ, ಶಿಫಾರಸಿಗಾಗಿ ಅಲ್ಲ.

ನಾನು ಒಂದು ಮಕ್ಕಳ ಮಾಸಪತ್ರಿಕೆಯ ಲೆಕ್ಕ ನೋಡಿಕೊಳ್ಳುವವನು. ನಾವು ಮೊದಲ ಸಲ ಬಿಲ್ಲಿಂಗ್ ಸಂಸ್ಥೆಯೊಂದನ್ನು ಆರಿಸಿದಾಗ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನ ಮಾಡಿದೆವು. ಮೂವರ ದರಪಟ್ಟಿ ತರಿಸಿದೆವು. ಕಡಿಮೆ ದರದವರು ಬಂದು ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳನ್ನು ತೋರಿಸಿದರು. ನಾವು ಕಾಫಿ ಕುಡಿದು ಸಹಿ ಹಾಕಿದೆವು. ಹೆಣ್ಣಿನ ಮನೆ ನೋಡಲು ಹೋದವರೂ ಅದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ! ಎರಡು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅನಂತರ ಅವರು ದರ ಏರಿಸಿದರು. ನಮಗೆ ತಡೆಯಲಾಗಲಿಲ್ಲ. ಬೇರೆ ಕಡೆಗೆ ಹೋಗುತ್ತೇವೆ, ನಮ್ಮ ಪಟ್ಟಿ ಕೊಡಿ ಎಂದೆವು. ಅವರೇನೂ ಜಗಳ ಮಾಡಲಿಲ್ಲ; ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲ ಕೊಟ್ಟರು. ಆದರೆ ಪ್ರತಿ ತಿಂಗಳೂ ತಾನಾಗಿಯೇ ಹಣ ಬರುವಂತೆ ಚಂದಾದಾರರು ಕೊಟ್ಟಿದ್ದ ಒಪ್ಪಿಗೆಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಅವು ಆ ಸಂಸ್ಥೆಯ ಮೂಲಕ ಆದವು, ಅಲ್ಲಿಯೇ ಉಳಿದುಕೊಂಡವು.

ಆಮೇಲೆ ನಾವು ಪಟ್ಟ ಪಾಡು ಹೇಳಬಾರದು. ಒಬ್ಬೊಬ್ಬ ಚಂದಾದಾರನಿಗೂ ಕಾಗದ ಬರೆದು, ದಯವಿಟ್ಟು ಮತ್ತೊಮ್ಮೆ ಒಪ್ಪಿಗೆ ಕೊಡಿ ಎಂದು ಬೇಡಿಕೊಂಡೆವು. ಕೆಲವರು ಅದು ಮೋಸಗಾರರ ಸಂದೇಶವಿರಬೇಕೆಂದು ಅಳಿಸಿಹಾಕಿದರು. ಅವರ ಎಚ್ಚರಿಕೆಯನ್ನು ತಪ್ಪೆನ್ನುವಂತಿಲ್ಲ. ಕೆಲವರು ನಾಳೆ ಮಾಡೋಣವೆಂದು ಮರೆತರು. ಮಲೆನಾಡಿನ ಉಪಾಧ್ಯಾಯಿನಿಯೊಬ್ಬರು ಮೂರು ತಿಂಗಳ ಮೇಲೆ ಫೋನ್ ಮಾಡಿ, ಮಗು ಅಂಚೆಯವನ ದಾರಿ ಕಾಯುತ್ತಿದೆ, ಪತ್ರಿಕೆ ನಿಂತುಹೋಯಿತೆ ಎಂದು ಕೇಳಿದರು. ಪತ್ರಿಕೆ ನಿಂತಿರಲಿಲ್ಲ, ಅವರ ಹಣ ನಿಂತಿತ್ತು. ಅವರಿಗೆ ನಮ್ಮ ಮೇಲೆ ಮುನಿಸಿರಲಿಲ್ಲ, ನಮಗೆ ಅವರ ಮೇಲೆ ಇರಲಿಲ್ಲ. ಆದರೂ ನಮ್ಮಿಬ್ಬರ ನಡುವಿನ ಎಳೆ ಕಡಿದುಹೋಗಿತ್ತು.

ಹೀಗೇಕೆ ಆಗುತ್ತದೆ? ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು ಕಟ್ಟುಪಾಡುಗಳನ್ನು ಮಾಡಿದೆ. 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ಮತ್ತೆ ಮತ್ತೆ ಹಣ ಪಡೆಯಬೇಕಾದರೆ ಮೊದಲ ಸಲ ಚಂದಾದಾರನೇ ಖುದ್ದಾಗಿ ದೃಢಪಡಿಸಬೇಕು. ಮುಂದೆ ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಅವನಿಗೆ ಸೂಚನೆ ಹೋಗಬೇಕು. ಪ್ರತಿ ಸಲವೂ ದೃಢಪಡಿಸದೆ ಸಾಗಬಹುದಾದ ಮೊತ್ತದ ಮಿತಿಯನ್ನು 2022ರ ಜೂನ್‌ನಲ್ಲಿ 5,000 ರೂಪಾಯಿಯಿಂದ 15,000ಕ್ಕೆ ಏರಿಸಿದರು. 2022ರ ಅಕ್ಟೋಬರ್ 1ರಿಂದ ಕಾರ್ಡಿನ ಪೂರ್ಣ ಸಂಖ್ಯೆಯನ್ನು ವ್ಯಾಪಾರಿಯಾಗಲಿ ಬಿಲ್ಲಿಂಗ್ ಸಂಸ್ಥೆಯಾಗಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಒಂದು ಗುರುತು ಮಾತ್ರ ಸಿಗುತ್ತದೆ. ಅದು ಯಾರ ಮೂಲಕ, ಯಾವ ವ್ಯಾಪಾರಿಗಾಗಿ ಪಡೆದದ್ದೋ ಅಲ್ಲಿಗೇ ಸಲ್ಲುತ್ತದೆ. 2020ರ ಜುಲೈನಲ್ಲಿ ಬಂದ ಯುಪಿಐ ಆಟೋಪೇಯಲ್ಲಿಯೂ ಚಂದಾದಾರನ ಮುಂಗಡ ಒಪ್ಪಿಗೆಯೇ ಮೂಲ. ಈ ನಿಯಮಗಳೆಲ್ಲ ಹಣ ಕೊಡುವವನ ಕ್ಷೇಮಕ್ಕಾಗಿ ಆದವು, ಒಳ್ಳೆಯವೇ. ಆದರೆ ಪಡೆಯುವವನು ಇದರಿಂದ ಒಂದು ಪಾಠ ಕಲಿಯಬೇಕು. ಚಂದಾದಾರನ ಒಪ್ಪಿಗೆಯೇ ನಿಮ್ಮ ಆಸ್ತಿ. ಆ ಆಸ್ತಿ ಯಾರ ಪೆಟ್ಟಿಗೆಯಲ್ಲಿದೆ ಎಂಬುದನ್ನು ಸಹಿಗೆ ಮೊದಲೇ ತಿಳಿದುಕೊಳ್ಳಬೇಕು.

ಆದುದರಿಂದ ಮೊದಲ ಪ್ರಶ್ನೆ ದರದ್ದಲ್ಲ. "ನಾವು ನಿಮ್ಮನ್ನು ಬಿಟ್ಟು ಹೋಗುವ ದಿನ ನಮ್ಮ ಕೈಗೆ ಏನೇನು ಕೊಡುತ್ತೀರಿ?" ಎಂದು ಕೇಳಿರಿ. ಒಪ್ಪಿಗೆಗಳು ಹೊಸ ಸಂಸ್ಥೆಗೆ ವರ್ಗವಾಗುತ್ತವೆಯೆ? ಯಾವುವು ಆಗುತ್ತವೆ, ಯಾವುವು ಆಗುವುದಿಲ್ಲ? ಹಳೆಯ ರಸೀತಿಗಳು, ಬಾಕಿಯ ವಿವರ ಯಾವ ರೂಪದಲ್ಲಿ ಬರುತ್ತವೆ? ಎಷ್ಟು ದಿನದಲ್ಲಿ? ಬಾಯಿಮಾತಿನ ಭರವಸೆ ಸಾಲದು; ಕರಾರುಪತ್ರದಲ್ಲಿ ಬರೆಸಿಕೊಳ್ಳಿರಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಬಳಿ ಎರಡನೆಯ ಪ್ರಶ್ನೆ ಕೇಳುವ ಅಗತ್ಯವಿಲ್ಲ.

ಎರಡನೆಯದು ದರದ ಪ್ರಶ್ನೆ. ಶೇಕಡಾವಾರು ಲೆಕ್ಕ ಕೇಳಲು ಚಿಕ್ಕದು; ಆದರೆ ಅದರ ಬೆನ್ನ ಹಿಂದೆ ಪ್ರತಿ ಸಲಕ್ಕೆ ಇಷ್ಟು ರೂಪಾಯಿ ಎಂಬ ಇನ್ನೊಂದು ದರ ಅಡಗಿರಬಹುದು. ತೆರಿಗೆಯ ಮಾತು ಬದಿಗಿಟ್ಟು ಒಂದು ಕಲ್ಪಿತ ಲೆಕ್ಕ ಹಾಕೋಣ. ತಿಂಗಳಿಗೆ 50 ರೂಪಾಯಿ ಚಂದಾ. ಸಂಸ್ಥೆಯ ದರ ನೂರಕ್ಕೆ 2, ಜೊತೆಗೆ ಸಲಕ್ಕೆ 3 ರೂಪಾಯಿ. ಆಗ 50ರಲ್ಲಿ 4 ರೂಪಾಯಿ ಹೋಯಿತು, ಎಂದರೆ ನೂರಕ್ಕೆ 8. ವರ್ಷಕ್ಕೆ 48 ರೂಪಾಯಿ. ಅದೇ ಚಂದಾದಾರ ವರ್ಷದ 600 ರೂಪಾಯಿಯನ್ನು ಒಮ್ಮೆಗೇ ಕೊಟ್ಟರೆ ಹೋಗುವುದು 15 ರೂಪಾಯಿ. ತಲೆಗೆ 33 ರೂಪಾಯಿಯ ವ್ಯತ್ಯಾಸ. ಸಾವಿರ ಚಂದಾದಾರರಿಗೆ 33,000. ಅಷ್ಟರಲ್ಲಿ ನಮ್ಮ ಚಿತ್ರಕಾರರ ಸಂಭಾವನೆಯನ್ನು ಹೆಚ್ಚಿಸಬಹುದಾಗಿತ್ತು! ಆದುದರಿಂದ ಅವರ ದರಪಟ್ಟಿಯನ್ನು ಓದಿ ಸುಮ್ಮನಾಗಬೇಡಿ. ನಿಮ್ಮ ಕಳೆದ ವರ್ಷದ ಲೆಕ್ಕವನ್ನೇ ಅದರ ಮೇಲಿಟ್ಟು ನೋಡಿರಿ.

ಮೂರನೆಯದು, ಹಣ ಬಾರದೆ ಹೋದಾಗ ಅವರು ಏನು ಮಾಡುತ್ತಾರೆ ಎಂಬುದು. ಖಾತೆಯಲ್ಲಿ ಹಣವಿರಲಿಲ್ಲ, ಕಾರ್ಡಿನ ಅವಧಿ ಮುಗಿದಿತ್ತು, ಬ್ಯಾಂಕಿನ ಯಂತ್ರ ಆ ಹೊತ್ತಿಗೆ ಮಲಗಿತ್ತು: ಕಾರಣಗಳು ಹಲವು. ಸಂಬಳದ ಮನೆಗಳಲ್ಲಿ ತಿಂಗಳ ಕೊನೆಯ ವಾರ ಹೇಗಿರುತ್ತದೆ ಎಂಬುದು ತಮಗೆ ನಾನು ಹೇಳಬೇಕಾಗಿಲ್ಲ. 28ನೆಯ ತಾರೀಖು ಕೇಳಿ ಇಲ್ಲವೆನಿಸಿಕೊಂಡು, 29ಕ್ಕೆ ಮತ್ತೆ ಕೇಳಿ, 30ಕ್ಕೆ ಹೆಸರು ಹೊಡೆದುಹಾಕುವ ಯಂತ್ರ ನಮ್ಮ ಮನೆಗಳನ್ನು ಅರಿತದ್ದಲ್ಲ. ಮರುಯತ್ನದ ದಿನವನ್ನು ನಾವೇ ಗೊತ್ತುಮಾಡುವಂತಿರಬೇಕು. ಜ್ಞಾಪನದ ಮಾತು ಕನ್ನಡದಲ್ಲಿ, ಮರ್ಯಾದೆಯಿಂದ ಇರಬೇಕು. ಸಾಲಗಾರನಿಗೆ ಬರೆಯುವ ನೋಟೀಸು ಬೇರೆ, ನೆಂಟನಿಗೆ ಬರೆಯುವ ಕಾಗದ ಬೇರೆ.

ನಾಲ್ಕನೆಯದು ತೆರಿಗೆಯ ಹಾಗೂ ಜಮಾ ಖರ್ಚಿನ ತಿಳುವಳಿಕೆ. ಅಚ್ಚಾದ ನಿಯತಕಾಲಿಕೆಗೆ ಜಿಎಸ್‌ಟಿ ಇಲ್ಲ. ಅದೇ ಬರಹಗಳನ್ನು ಪರದೆಯ ಮೇಲೆ ಓದಿಸಿ ಚಂದಾ ಪಡೆದರೆ ಆ ಸೇವೆ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಚಂದಾದಾರ ಕರ್ನಾಟಕದವನಾದರೆ ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಎರಡು ಸಾಲು. ಮುಂಬಯಿಯವನಾದರೆ ಒಂದೇ ಸಾಲು. ತೆರಿಗೆ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರದಂತೆ, ಆರ್ಥಿಕ ವರ್ಷದಲ್ಲಿ ಕ್ರಮವಾಗಿ ಸಾಗಬೇಕು. ಬೇರೆ ದೇಶಕ್ಕೆಂದು ಕಟ್ಟಿದ ಯಂತ್ರಕ್ಕೆ ಇದೆಲ್ಲ ತಿಳಿದಿದೆಯೆ ಎಂದು ನೋಡಬೇಕು. ಇನ್ನೊಂದು ಸೂಕ್ಷ್ಮ: ಏಪ್ರಿಲ್‌ನಲ್ಲಿ ಬಂದ 600 ರೂಪಾಯಿ ಏಪ್ರಿಲ್‌ನ ಗಳಿಕೆಯಲ್ಲ, 12 ಸಂಚಿಕೆಗಳ ಋಣ. ಐದು ಸಂಚಿಕೆ ಕಳುಹಿಸಿದ ಮೇಲೂ ನಾವು 350 ರೂಪಾಯಿಯ ಸಾಲಗಾರರೇ. ಈ ವಿಂಗಡಣೆಯನ್ನು ಮಾಡಿ ತೋರಿಸುವ ವ್ಯವಸ್ಥೆ ಬೇಕು. ಇಲ್ಲವಾದರೆ ಏಪ್ರಿಲ್‌ನಲ್ಲಿ ಹಬ್ಬ ಮಾಡಿ ಫೆಬ್ರವರಿಯಲ್ಲಿ ಕಾಗದದ ಅಂಗಡಿಯವನಿಗೆ ಮುಖ ಮರೆಸಬೇಕಾದೀತು.

ಐದನೆಯದು ಚಂದಾದಾರ ಬಿಡಬೇಕೆಂದಾಗ ಬಿಡಲು ಅವಕಾಶವಿದೆಯೆ ಎಂಬುದು. ಸೇರುವ ಬಾಗಿಲು ಹೆಬ್ಬಾಗಿಲು, ಹೊರಡುವ ದಾರಿ ಹಿತ್ತಿಲ ಮುಳ್ಳುಬೇಲಿ ಎನ್ನುವಂತಿರಬಾರದು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಗ್ರಾಹಕನನ್ನು ಮರುಳುಮಾಡುವ 13 ಬಗೆಯ ತಂತ್ರಗಳನ್ನು ಹೆಸರಿಸಿವೆ. ಚಂದಾದ ಬಲೆಯೂ ಅವುಗಳಲ್ಲೊಂದು. ಕಾನೂನಿನ ಮಾತಿರಲಿ, ಹೋಗುವವನನ್ನು ನಗುಮುಖದಿಂದ ಕಳುಹಿಸಿಕೊಟ್ಟರೆ ಅವನು ಮತ್ತೆ ಬಂದಾನು. ನಾವು ಬಿಲ್ಲಿಂಗ್ ಸಂಸ್ಥೆಯಿಂದ ಬಯಸುವ ಸೌಜನ್ಯವನ್ನೇ ಚಂದಾದಾರ ನಮ್ಮಿಂದ ಬಯಸುತ್ತಾನೆ, ಅಲ್ಲವೆ?

ಪ್ರಶ್ನೆಗಳಿಗೆಲ್ಲ ತೃಪ್ತಿಕರವಾದ ಉತ್ತರ ಬಂದಿತೆನ್ನೋಣ. ಆಗಲೂ ಕೂಡಲೇ ಎಲ್ಲರನ್ನೂ ಅಲ್ಲಿಗೆ ಸಾಗಿಸಬೇಡಿ. ಮೊದಲು ನಿಮ್ಮ ಮನೆಯವರನ್ನೂ ಗೆಳೆಯರನ್ನೂ ಸೇರಿಸಿ ಹತ್ತು ಜನರ ಒಂದು ಪ್ರಯೋಗ ಮಾಡಿರಿ. ಒಬ್ಬರು ನಡು ತಿಂಗಳಲ್ಲಿ ಸೇರಲಿ, ಒಬ್ಬರು ಬಿಡಲಿ, ಒಬ್ಬರು ವಿಳಾಸ ಬದಲಿಸಲಿ, ಒಬ್ಬರ ಖಾತೆಯಲ್ಲಿ ಬೇಕೆಂದೇ ಹಣ ಇಲ್ಲದಿರಲಿ, ಒಬ್ಬರು ಹಣ ವಾಪಸು ಕೇಳಲಿ. ಒಂದು ಸಂಜೆ ಅವರ ಸಹಾಯದ ಸಂಖ್ಯೆಗೆ ಫೋನ್ ಮಾಡಿ, ಉತ್ತರ ಕೊಡುವುದು ಮನುಷ್ಯನೋ ಯಂತ್ರವೋ ನೋಡಿರಿ. ಬಣ್ಣದ ನಕ್ಷೆಗಳು ಹೇಳದ ಎಷ್ಟೋ ಸಂಗತಿಯನ್ನು ಈ ಹತ್ತು ಜನ ಒಂದು ತಿಂಗಳಲ್ಲಿ ಹೇಳಿಬಿಡುತ್ತಾರೆ.

ನಾವು ಎರಡನೆಯ ಸಲ ಹೀಗೆಯೇ ಮಾಡಿದೆವು. ಈಗಿನ ಸಂಸ್ಥೆ ಎಲ್ಲರಿಗಿಂತ ಅಗ್ಗವಾದುದಲ್ಲ. ಆದರೆ ಬಿಟ್ಟು ಹೋಗುವ ದಿನದ ಮಾತು ಕರಾರಿನಲ್ಲಿದೆ. ಪ್ರತಿ ತಿಂಗಳ ಮೊದಲ ದಿನ ಇಡೀ ಖಾತೆಯ ಒಂದು ಪ್ರತಿಯನ್ನು ಇಳಿಸಿಕೊಂಡು ಕಛೇರಿಯ ಬೀರುವಿನಲ್ಲಿಡುತ್ತೇನೆ. ಅದಕ್ಕೆ ಹಿಡಿಯುವುದು ಕಾಲು ಗಂಟೆ. ಆ ಉಪಾಧ್ಯಾಯಿನಿಯವರ ಹೆಸರು ಅದರಲ್ಲಿ ಮತ್ತೆ ಸೇರಿದೆ. ತಪ್ಪಿದ ಮೂರು ಸಂಚಿಕೆಗಳನ್ನು ಮಗುವಿಗೆ ನಾವೇ ನಮ್ಮ ಖರ್ಚಿನಲ್ಲಿ ಕಳುಹಿಸಿಕೊಟ್ಟೆವು. ಅವರಂತೆ ಫೋನ್ ಮಾಡಿ ಕೇಳದೆ ಸುಮ್ಮನಾದವರ ಹೆಸರುಗಳು ಮಾತ್ರ ಹಳೆಯ ಪಟ್ಟಿಯಲ್ಲಿಯೇ ಉಳಿದಿವೆ.

ವಸೂಲಿಯನ್ನು ಬೇರೆಯವರಿಗೆ ವಹಿಸುವುದರಲ್ಲಿ ತಪ್ಪೇನೂ ಇಲ್ಲ. ಬೆಳೆಯುವ ಉದ್ಯೋಗಕ್ಕೆ ಅದು ಅನಿವಾರ್ಯವೂ ಹೌದು. ಆದರೆ ಗುಮಾಸ್ತನನ್ನು ಇಟ್ಟುಕೊಂಡ ಯಜಮಾನ ಖಾತೆ ಪುಸ್ತಕವನ್ನು ಗುಮಾಸ್ತನ ಮನೆಯಲ್ಲಿ ಇಡುವುದಿಲ್ಲ. ಇಷ್ಟನ್ನು ಮರೆಯದೆ ಇದ್ದರೆ, ಯಾವ ಸಂಸ್ಥೆಯನ್ನು ಆರಿಸಿದರೂ ತಾವು ದೊಡ್ಡ ತಪ್ಪು ಮಾಡಲಾರಿರಿ.