ಹೆಬ್ಬೆಟ್ಟು ಒತ್ತುವ ಮುಂಚೆ ಓದಿ
(ಹೊಸೂರು ಭಾಗದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪಾಠ ಸ್ವಲ್ಪ ಬದಿಗಿಡೋಣ. ಸಂಬಳದ ಮಾತು ಆಡೋಣ. ಸಂಬಳ ಕೊಡೋರೂ ನಮ್ಮಲ್ಲಿದ್ದಾರೆ, ತಗೊಳ್ಳೋರೂ ಇದ್ದಾರೆ. ಇಬ್ಬರೂ ಕೇಳಿ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೂವಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡ್ತಿದ್ದರು. ದಿನಕ್ಕೆ 350 ರೂಪಾಯಿ ಕೂಲಿ. ತಿಂಗಳಿಗೆ 26 ದಿನ ಕೆಲಸ. ಕೈಗೆ 9,100 ರೂಪಾಯಿ ಬರ್ತಿತ್ತು. ಪ್ರತಿ ತಿಂಗಳು ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿ ಬರ್ತಿದ್ದರು. ಇಲ್ಲಿ ಅಂಕಿ ಕಲಿತ ಮೇಲೆ ಒಂದು ದಿನ ಹೆಬ್ಬೆಟ್ಟಿನ ಪಕ್ಕದ ಮನೆ ನೋಡಿದರು. ಅಲ್ಲಿ 10,400 ಅಂತ ಬರೆದಿತ್ತು! ಅಂದರೆ ಪುಸ್ತಕದಲ್ಲಿ ಕೂಲಿ 400, ಕೈಯಲ್ಲಿ 350. ತಿಂಗಳಿಗೆ 1,300 ರೂಪಾಯಿ ನಡುವೆಯೇ ಹೋಗ್ತಿತ್ತು. ಮಾಲೀಕರಿಗೆ ಗೊತ್ತಿತ್ತೋ, ಮೇಸ್ತ್ರಿ ತಿಂದನೋ, ಅಕ್ಕನಿಗೆ ಗೊತ್ತಿಲ್ಲ. ‘ನಾನೇ ಒತ್ತಿದ್ದೀನಲ್ಲ, ಇನ್ನು ಯಾರನ್ನ ಕೇಳಲಿ?’ ಅಂತ ನನ್ನ ಹತ್ತಿರ ಬಂದು ಅತ್ತರು.

ಕೇಳಬಹುದು ಅಕ್ಕ. ಅದಕ್ಕೇ ಈ ಮಾತು.

ಹೊಸ ಕಾನೂನು ಏನು?

ನಮ್ಮ ದೇಶದಲ್ಲಿ ಕೆಲಸಗಾರರ ಬಗ್ಗೆ ಬೇರೆ ಬೇರೆ ಕಾಲದಲ್ಲಿ ಮಾಡಿದ ಹಲವು ಕಾಯ್ದೆಗಳಿದ್ದವು. ಅವುಗಳಲ್ಲಿ 29 ಕಾಯ್ದೆಗಳನ್ನು ಕೂಡಿಸಿ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಮಾಡಿತು. ಕೂಲಿಯ ಸಂಹಿತೆ 2019ರಲ್ಲಿ ಪಾಸಾಯಿತು. ಉಳಿದ ಮೂರು 2020ರಲ್ಲಿ ಪಾಸಾದವು. ನಾಲ್ಕೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಎಲ್ಲವನ್ನೂ ಹೇಳಿದರೆ ಬೆಳಗಾಗುತ್ತದೆ. ನಮಗೆ ಬೇಕಾದಷ್ಟು ಹೇಳ್ತೀನಿ.

ಒಂದು, ಸಂಬಳದ ದಿನ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ವಾರದ ಕೂಲಿಯಾದರೆ ವಾರದ ರಜೆಗೆ ಮುಂಚೆ, ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದಾಗ. ಕೆಲಸ ಬಿಟ್ಟರೂ, ಬಿಡಿಸಿದರೂ, ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಮುಂದಿನ ತಿಂಗಳು ಬಾ’ ಅನ್ನುವಂತಿಲ್ಲ.

ಎರಡು, ಸಂಬಳದ ಚೀಟಿ. ಎಷ್ಟು ಕೊಟ್ಟರು, ಎಷ್ಟು ಹಿಡಿದರು ಅಂತ ತೋರಿಸುವ ಚೀಟಿಯನ್ನು ಮಾಲೀಕರೇ ಕೊಡಬೇಕು. ಹಿಡಿಯುವುದು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾಗಬಾರದು. ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಐದು ಜನದವರೆಗೆ ಇಟ್ಟುಕೊಂಡವರಿಗೆ ಚೀಟಿ, ರಿಜಿಸ್ಟರಿನ ಕಟ್ಟು ಇಲ್ಲ. ಆದರೆ ಅಧಿಕಾರಿ ಕೇಳಿದರೆ ಕೂಲಿ ಕೊಟ್ಟದ್ದಕ್ಕೆ ಆಧಾರ ತೋರಿಸಬೇಕು.

ಮೂರು, ಹೆಚ್ಚಿನ ಹೊತ್ತಿನ ಕೆಲಸ. ಇದಕ್ಕೆ ಎರಡರಷ್ಟು ಕೂಲಿ. ಲೆಕ್ಕ ಮಾಡೋಣ ಬನ್ನಿ. ಎಂಟು ಗಂಟೆಗೆ 400 ರೂಪಾಯಿ ಆದರೆ ಒಂದು ಗಂಟೆಗೆ 50. ಓಟಿ ಒಂದು ಗಂಟೆಗೆ 100. ಎರಡು ಗಂಟೆ ಹೆಚ್ಚು ದುಡಿದರೆ 200. ಟೀ, ಬನ್ನು ಕೊಟ್ಟರೆ ಓಟಿ ಕೊಟ್ಟ ಹಾಗಲ್ಲ.

ನಾಲ್ಕು, ಕೆಲಸದ ಪತ್ರ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಮೊದಲಿಂದ ಪತ್ರವಿಲ್ಲದೆ ದುಡಿಯುತ್ತಿದ್ದವರಿಗೂ ಕಾನೂನು ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಅಂತ ಇತ್ತು. ಆ ಗಡುವು 2026ರ ಫೆಬ್ರವರಿಯಲ್ಲೇ ಮುಗಿಯಿತು. ನಿಮ್ಮ ಹತ್ತಿರ ಪತ್ರ ಇದೆಯಾ? ಇಲ್ಲ ಅಂದರೆ ಕೇಳಿ.

ಐದು, ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಇದು ಹಳೆಯ ಕಾನೂನಿನಲ್ಲೂ ಇತ್ತು. ನಮ್ಮ ತೋಟಗಳಲ್ಲಿ ಎಷ್ಟು ಕಡೆ ನಡೆಯುತ್ತದೆ ಅಂತ ನಿಮಗೇ ಗೊತ್ತು.

ನಮ್ಮ ತಮಿಳುನಾಡಿನದೇ ಇನ್ನೊಂದು ಕಾನೂನಿದೆ. 2021ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ಮಾಡಿ, ಅಂಗಡಿಯಲ್ಲಿ ದುಡಿಯುವ ಎಲ್ಲರಿಗೂ ಕೂರಲು ಆಸನ ಇಡಬೇಕು ಎಂದರು. ಇದಕ್ಕೆ ಮುಂಚೆ, 2018ರಲ್ಲಿ, ಕೇರಳ ಇಂಥ ಕಾನೂನು ಮಾಡಿತ್ತು. ಅಲ್ಲಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಬಾತ ಹೆಂಗಸರೇ ಹೋರಾಡಿ ಪಡೆದದ್ದು ಅದು. ಸೀರೆ ತೋರಿಸೋ ತಂಗಿಗೂ ಗಿರಾಕಿ ಇಲ್ಲದಾಗ ಕೂರುವ ಹಕ್ಕಿದೆ.

ಹೊಸ ಸಂಹಿತೆಗಳನ್ನು ಎಲ್ಲರೂ ಒಪ್ಪಿಲ್ಲ. ಕೆಲಸಗಾರರನ್ನು ತೆಗೆಯಲು ಮೊದಲು ನೂರು ಜನರಿದ್ದ ಕಾರ್ಖಾನೆಗೂ ಸರ್ಕಾರದ ಅನುಮತಿ ಬೇಕಿತ್ತು. ಈಗ ಮುನ್ನೂರು ಜನರಿದ್ದರೆ ಮಾತ್ರ ಬೇಕು. ಇದರಿಂದ ಕೆಲಸಕ್ಕೆ ಭದ್ರತೆ ಕಡಿಮೆಯಾಗುತ್ತದೆ ಅಂತ ಹಲವು ಸಂಘಗಳು ವಿರೋಧಿಸಿವೆ. ಸಣ್ಣ ಕಾರ್ಖಾನೆ ಬೆಳೆಯಲು ಇದು ಬೇಕು ಅಂತ ಮಾಲೀಕರ ಮಾತು. ನೀವು ಎರಡೂ ಕೇಳಿ, ಯೋಚನೆ ಮಾಡಿ.

ಮಾಲೀಕರಿಗೂ ಒಂದು ಮಾತು

ಹನ್ನೆರಡು ಜನರನ್ನು ಇಟ್ಟುಕೊಂಡು ಸಣ್ಣ ಶೆಡ್ ನಡೆಸುವ ಒಬ್ಬ ಅಣ್ಣ ನನಗೆ ಹೇಳಿದರು: ‘ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟಿಲ್ಲ ಮೇಡಂ, ಎಲ್ಲಾ ಬಾಯಿ ಲೆಕ್ಕ.’ ಅವರು ಒಳ್ಳೆಯವರೇ. ಆದರೆ ಕೂಲಿ ಕೊಟ್ಟಿಲ್ಲ ಅಂತ ಯಾರಾದರೂ ಅರ್ಜಿ ಹಾಕಿದರೆ, ಕೊಟ್ಟಿದ್ದೀನಿ ಅಂತ ತೋರಿಸುವ ಹೊಣೆ ಮಾಲೀಕರದು. ಬಾಯಿ ಲೆಕ್ಕ ಅಲ್ಲಿ ನಡೆಯೋದಿಲ್ಲ. ಕೂಲಿ ಕಡಿಮೆ ಕೊಟ್ಟದ್ದು ಸಾಬೀತಾದರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬರೆದಿಟ್ಟ ಲೆಕ್ಕ ಕೂಲಿಯವರನ್ನು ಕಾಯುವ ಹಾಗೆಯೇ ಧಣಿಯನ್ನೂ ಕಾಯುತ್ತದೆ.

ಈಗ ನಾವೇನು ಮಾಡಬೇಕು?

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಗಂಟೆ ಕೆಲಸ, ಎಷ್ಟು ಹಣ ಬಂತು, ಇಷ್ಟು ಬರೆದರೆ ಸಾಕು. ಅಕ್ಷರ ಸೊಟ್ಟ ಇದ್ದರೂ ಪರವಾಗಿಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಹೆದರಬೇಡಿ. ಸಂಬಳಕ್ಕೆ ತಮಿಳಿನಲ್ಲೂ ‘ಸಂಬಳಂ’ ಅಂತಲೇ ಹೇಳ್ತಾರೆ. ‘ಪಿಡಿತ್ತಂ’ ಅಂದರೆ ಹಿಡಿದುಕೊಂಡ ಹಣ. ಅಂಕಿಗಳಂತೂ ನೀವು ಕಲಿತವೇ. ತಿಳಿಯದಿದ್ದರೆ ‘ಓದಿ ಹೇಳಿ ಸಾರ್’ ಅನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ನಿಮ್ಮ ಕೆಲಸಕ್ಕೆ ಕನಿಷ್ಠ ಕೂಲಿ ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಬಾಕಿ ಕೂಲಿಗೆ ಅರ್ಜಿ ಹಾಕಲು ಈಗ ಮೂರು ವರ್ಷದ ಅವಧಿ ಇದೆ. ಒಬ್ಬರೇ ಹೋಗಲು ಭಯವಾದರೆ ನಾಲ್ಕು ಜನ ಕೂಡಿ ಹೋಗಿ, ಸಂಘವಿದ್ದರೆ ಅವರನ್ನೂ ಕರೆಯಿರಿ.

ಆ ಅಕ್ಕ ಏನು ಮಾಡಿದರು ಅಂತ ಕೇಳ್ತೀರಾ? ಮುಂದಿನ ತಿಂಗಳು ಇಂಕ್ ಪ್ಯಾಡ್ ಮುಂದಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದರು. ‘ಇಲ್ಲಿ 10,400 ಇದೆ, ಕೈಯಲ್ಲಿ 9,100 ಇದೆ. ಉಳಿದದ್ದು ಕೊಡಿ, ಸಹಿ ಹಾಕ್ತೀನಿ’ ಅಂದರು. ಸುತ್ತ ಇದ್ದ ಹೆಂಗಸರೆಲ್ಲಾ ತಮ್ಮ ತಮ್ಮ ಮನೆ ನೋಡತೊಡಗಿದರು. ಆ ತಿಂಗಳು ಎಲ್ಲರಿಗೂ ಪೂರ್ತಿ ಕೂಲಿ ಬಂತು. ಹಿಂದಿನ ತಿಂಗಳುಗಳ ಬಾಕಿ ಇನ್ನೂ ಬಂದಿಲ್ಲ. ಅದಕ್ಕೆ ಅರ್ಜಿಯನ್ನು ನಮ್ಮ ಕೇಂದ್ರದಲ್ಲೇ ಕೂತು ಬರೀತಿದ್ದಾರೆ, ಅವರ ಕೈಯಾರೆ.

ಮುಂದಿನ ವಾರ ಬರುವಾಗ ನಿಮ್ಮ ಸಂಬಳದ ಚೀಟಿ ತನ್ನಿ, ಕೂಡಿ ಓದೋಣ. ಚೀಟಿ ಇಲ್ಲದವರು ಯಾಕಿಲ್ಲ ಅಂತ ಕೇಳಿಕೊಂಡು ಬನ್ನಿ.